ಬೆಂಗಳೂರಿನಿಂದ ಲಂಡನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ವಿಮಾನದ ಲೆಕ್ಕ ನೀವೇ ಹಾಕುವ ಬಗೆ

ಬೆಂಗಳೂರಿನಿಂದ ಲಂಡನ್‌ಗೆ ವಿಮಾನದಲ್ಲಿ ಎಷ್ಟು ದೂರ ಅಂತ ಹುಡುಕಿದರೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಉತ್ತರ ಸಿಗುತ್ತದೆ: 8,000 ಕಿಲೋಮೀಟರ್ ಚಿಲ್ಲರೆ. ಎಷ್ಟು ಹೊತ್ತು ಅಂತ ಕೇಳಿ ನೋಡಿ. ಒಂದು ಕಡೆ ಒಂಬತ್ತೂವರೆ ಗಂಟೆ, ಇನ್ನೊಂದು ಕಡೆ ಹತ್ತೂಮುಕ್ಕಾಲು, ಮತ್ತೊಂದು ಕಡೆ ಹದಿನಾಲ್ಕು. ಇದರಲ್ಲಿ ಯಾವುದೂ ಸುಳ್ಳಲ್ಲ. ಒಬ್ಬರು ಗಾಳಿಯೇ ಇಲ್ಲ ಅಂದುಕೊಂಡು ಭಾಗಾಕಾರ ಮಾಡಿರುತ್ತಾರೆ, ಇನ್ನೊಬ್ಬರು ಟಿಕೆಟ್ ನೋಡಿ ಹೇಳಿರುತ್ತಾರೆ, ಮೂರನೆಯವರು ನಡುವೆ ಇಳಿದು ಹತ್ತುವ ಹೊತ್ತನ್ನೂ ಸೇರಿಸಿರುತ್ತಾರೆ.

ದೂರ ಅನ್ನುವುದು ಬರೀ ಗಣಿತ. ಎರಡು ಜಾಗ ಗೊತ್ತಿದ್ದರೆ ಸಾಕು, ಉತ್ತರ ಬದಲಾಗುವುದಿಲ್ಲ. ಸಮಯ ಹಾಗಲ್ಲ. ಅದನ್ನು ಗಾಳಿ, ದೇಶಗಳ ಜಗಳ, ರನ್‌ವೇ ಮುಂದಿನ ಸಾಲು, ಗಡಿಯಾರದ ನಿಯಮ ಎಲ್ಲ ಸೇರಿ ನಿರ್ಧರಿಸುತ್ತವೆ. ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಕ್ಯಾಲ್ಕುಲೇಟರ್ ಇರುವ ಮೊಬೈಲ್ ಒಂದಿದ್ದರೆ ಸಾಕು.

ಹಂತ 1: ಊರಿನ ಹೆಸರು ಬಿಡಿ, ನಿಲ್ದಾಣದ ಕೋಡ್ ಹಿಡಿಯಿರಿ

ಗೋವಾಕ್ಕೆ ಎಷ್ಟು ದೂರ ಅಂದರೆ ಯಾವ ಗೋವಾ? ದಕ್ಷಿಣಕ್ಕೆ ದಾಬೋಲಿಂ ಇದೆ, ಕೋಡ್ ಜಿಒಐ. ಉತ್ತರದ ತುದಿಯಲ್ಲಿ ಮೋಪಾ ಇದೆ, ಕೋಡ್ ಜಿಒಎಕ್ಸ್. ಲಂಡನ್ ಅಂದರೆ ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಹೀಗೆ ದೊಡ್ಡ ಪಟ್ಟಿಯೇ ಇದೆ. ಟಿಕೆಟ್ ಮೇಲೆ ಮೂರಕ್ಷರದ ಕೋಡ್ ಇರುತ್ತದೆ, ಅದನ್ನೇ ನೋಡಿ. ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ, ಹೀಥ್ರೂಗೆ ಎಲ್‌ಎಚ್‌ಆರ್.

ಕೆಲವು ವೆಬ್‌ಸೈಟ್‌ಗಳು ನಿಲ್ದಾಣದಿಂದ ಅಳೆಯದೆ ಊರಿನ ಮಧ್ಯದಿಂದ ಅಳೆಯುತ್ತವೆ. ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಮೆಜೆಸ್ಟಿಕ್‌ನಿಂದ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರ. ಲಂಡನ್ ಲೆಕ್ಕದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಮಂಗಳೂರು, ಹುಬ್ಬಳ್ಳಿಯಂಥ ಹತ್ತಿರದ ಊರಿಗೆ ಲೆಕ್ಕ ಹಾಕುವಾಗ ಮಾತ್ರ ಎದ್ದು ಕಾಣುತ್ತದೆ.

ಕೋಡ್ ಸಿಕ್ಕ ಮೇಲೆ ಅಕ್ಷಾಂಶ, ರೇಖಾಂಶ ಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಬರುತ್ತವೆ. ಇಲ್ಲಿ ಬೇಕಾಗುವವು ಇಷ್ಟು. ಬೆಂಗಳೂರು: 13.20 ಉತ್ತರ, 77.71 ಪೂರ್ವ. ಮಂಗಳೂರು: 12.96 ಉತ್ತರ, 74.89 ಪೂರ್ವ. ಹೀಥ್ರೂ: 51.47 ಉತ್ತರ, 0.45 ಪಶ್ಚಿಮ. ಸ್ಯಾನ್ ಫ್ರಾನ್ಸಿಸ್ಕೊ: 37.62 ಉತ್ತರ, 122.38 ಪಶ್ಚಿಮ.

ಹಂತ 2: ಹತ್ತಿರದ ಊರಾದರೆ ಕಾಗದದ ಮೇಲೇ ಮುಗಿಸಿ

ಅಕ್ಷಾಂಶ ಒಂದು ಡಿಗ್ರಿ ಬದಲಾದರೆ ನೆಲದ ಮೇಲೆ ಸುಮಾರು 111 ಕಿ.ಮೀ. ರೇಖಾಂಶವೂ ಸಮಭಾಜಕ ವೃತ್ತದ ಮೇಲೆ ಅಷ್ಟೇ ಇರುತ್ತದೆ, ಆದರೆ ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಎಷ್ಟು ಕಿರಿದು ಅಂತ ತಿಳಿಯಲು 111ನ್ನು ಆ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನಮ್ಮ 13 ಡಿಗ್ರಿಗೆ ಅದು 0.974.

ಬೆಂಗಳೂರು–ಮಂಗಳೂರು ತೆಗೆದುಕೊಳ್ಳಿ. ಅಕ್ಷಾಂಶದ ವ್ಯತ್ಯಾಸ 0.24, ಅಂದರೆ 27 ಕಿ.ಮೀ. ರೇಖಾಂಶದ ವ್ಯತ್ಯಾಸ 2.82. ಅದನ್ನು 111ರಿಂದಲೂ 0.974ರಿಂದಲೂ ಗುಣಿಸಿದರೆ 305 ಕಿ.ಮೀ. ಈಗ ಶಾಲೆಯ ಪೈಥಾಗೊರಸ್: ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 306 ಕಿ.ಮೀ. ಬರುತ್ತದೆ. ರಸ್ತೆಯಲ್ಲಿ ಊರಿಂದೂರಿಗೆ ಸುಮಾರು 350.

ಭಾರತದ ಒಳಗಿನ ಎಲ್ಲ ಹಾರಾಟಕ್ಕೂ ಇಷ್ಟು ಸಾಕು. ಕೊಸೈನ್‌ಗೆ ಎರಡೂ ಊರಿನ ಮಧ್ಯದ ಅಕ್ಷಾಂಶ ಹಾಕಿ. ದೆಹಲಿಗೆ ಸುಮಾರು 1,700, ಮುಂಬೈಗೆ ಸುಮಾರು 835 ಬರುತ್ತದೆ.

ಹಂತ 3: ದೂರದ ದೇಶಕ್ಕೆ ಗೋಳದ ಸೂತ್ರ

ಲಂಡನ್‌ಗೆ ಪೈಥಾಗೊರಸ್ ನಡೆಯುವುದಿಲ್ಲ, ಭೂಮಿ ದುಂಡಗಿದೆ. ಇಲ್ಲಿ ಬೇಕಾದ್ದು ಎರಡು ಜಾಗದ ನಡುವೆ ಭೂಮಿಯ ಮೈಗೆ ಅಂಟಿಕೊಂಡು ಹೋಗುವ ಅತಿ ಚಿಕ್ಕ ದಾರಿ. ಸೂತ್ರ ನೋಡಲು ಉದ್ದ, ಮಾಡಲು ಸುಲಭ:

ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ. ಅದು ಮೊದಲ ಅಂಕಿ. ಆಮೇಲೆ ಎರಡೂ ಅಕ್ಷಾಂಶಗಳ ಕೊಸೈನ್ ಗುಣಿಸಿ, ಅದನ್ನು ರೇಖಾಂಶದ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಅದು ಎರಡನೆಯ ಅಂಕಿ. ಎರಡನ್ನೂ ಕೂಡಿಸಿ, ಬಂದದ್ದರ ಕೊಸೈನ್ ವಿಲೋಮ (ಕ್ಯಾಲ್ಕುಲೇಟರ್‌ನಲ್ಲಿ cos⁻¹) ತೆಗೆದರೆ ಒಂದು ಕೋನ ಸಿಗುತ್ತದೆ. ಆ ಕೋನವನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್.

ಲಂಡನ್‌ಗೆ: ಮೊದಲ ಅಂಕಿ 0.1786. ರೇಖಾಂಶದ ವ್ಯತ್ಯಾಸ 77.71ಕ್ಕೆ 0.45 ಕೂಡಿಸಿ 78.16, ಯಾಕಂದರೆ ಒಂದು ಪೂರ್ವ, ಒಂದು ಪಶ್ಚಿಮ. ಎರಡನೆಯ ಅಂಕಿ 0.1244. ಒಟ್ಟು 0.3030. ಕೋನ 72.36 ಡಿಗ್ರಿ. ದೂರ ಸುಮಾರು 8,045 ಕಿ.ಮೀ.

ಪೈಲಟ್‌ಗಳು ಇದನ್ನೇ ಇನ್ನೂ ಸುಲಭವಾಗಿ ಮಾಡುತ್ತಾರೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಮುಗಿಯಿತು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ವಿಮಾನಯಾನದಲ್ಲಿ ಇವತ್ತಿಗೂ ಈ ಅಳತೆಯೇ ನಡೆಯುವುದು.

ಎಡವುವ ಜಾಗಗಳು ಎರಡೇ. ಎಕ್ಸೆಲ್‌ನಲ್ಲಿ ಮಾಡುವವರು ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಉತ್ತರ ಅಡ್ಡಾದಿಡ್ಡಿ ಬರುತ್ತದೆ. ಇನ್ನೊಂದು, ಪಶ್ಚಿಮದ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕಲು ಮರೆಯುವುದು. ಲಂಡನ್ ವಿಷಯದಲ್ಲಿ ಮರೆತರೂ ದೊಡ್ಡ ಅನಾಹುತವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊಗೆ ಮರೆತರೆ ಸುಮಾರು 5,200 ಕಿ.ಮೀ. ಅಂತ ಬರುತ್ತದೆ. ಸರಿಯಾದದ್ದು ಸುಮಾರು 13,990. ಅಮೆರಿಕ ಲಂಡನ್‌ಗಿಂತ ಹತ್ತಿರ ಅಂತ ಉತ್ತರ ಬಂದಾಗಲೇ ಅನುಮಾನ ಬರಬೇಕು, ಅಲ್ವಾ? ಹಾಗೆಯೇ, ಭೂಮಿಯ ಮೇಲಿನ ಯಾವ ಎರಡು ಜಾಗದ ನಡುವೆಯೂ ಸುಮಾರು 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಲಾರದು.

ಹಂತ 4: ಆ ಗೆರೆ ಎಲ್ಲಿ ಹಾದು ಹೋಗುತ್ತದೆ ಅಂತ ನೋಡಿ

ಇದು ನನಗೆ ಇಷ್ಟದ ಹಂತ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತನ್ನಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ಭೂಪಟ ನೋಡಿದವರಿಗೆ ಗೆರೆ ಜಪಾನ್ ಪಕ್ಕದಲ್ಲಿ ಪೆಸಿಫಿಕ್ ಸಾಗರ ದಾಟಬೇಕು ಅನ್ನಿಸುತ್ತದೆ. ದಾರ ಅಲ್ಲಿಗೆ ಹೋಗುವುದೇ ಇಲ್ಲ. ಬೆಂಗಳೂರಿನಿಂದ ಹೆಚ್ಚುಕಮ್ಮಿ ಉತ್ತರಕ್ಕೆ ತಿರುಗಿ ಟಿಬೆಟ್, ಸೈಬೀರಿಯಾ ದಾಟಿ ಸುಮಾರು 71 ಡಿಗ್ರಿ ಉತ್ತರದವರೆಗೆ, ಅಂದರೆ ಆರ್ಕ್‌ಟಿಕ್ ವೃತ್ತದ ಒಳಗೇ ಹೋಗಿ ಆಮೇಲೆ ಇಳಿಯುತ್ತದೆ. ಚಪ್ಪಟೆ ಭೂಪಟ ಧ್ರುವದ ಕಡೆಯ ಜಾಗವನ್ನು ಹಿಗ್ಗಿಸಿ ತೋರಿಸುವುದರಿಂದ ನಮ್ಮ ಕಣ್ಣು ಮೋಸಹೋಗುತ್ತದೆ.

ಈಗ ಲಂಡನ್‌ಗೆ ದಾರ ಎಳೆಯಿರಿ. ಮಹಾರಾಷ್ಟ್ರ, ಗುಜರಾತ್ ದಾಟಿ ಕರಾಚಿ ಆಸುಪಾಸು, ಅಲ್ಲಿಂದ ಇರಾನ್, ಕ್ಯಾಸ್ಪಿಯನ್ ಸಮುದ್ರ, ಅಜೆರ್‌ಬೈಜಾನ್, ಕಪ್ಪು ಸಮುದ್ರದ ಈಶಾನ್ಯ ಮೂಲೆ, ಕ್ರಿಮಿಯಾ, ಉಕ್ರೇನ್, ಜರ್ಮನಿ. ಕೊನೆಗೆ ಲಂಡನ್‌ಗೆ ನೇರ ಪೂರ್ವದಿಂದ ಬಂದು ಸೇರುತ್ತದೆ. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕಳೆದ ಕೆಲವು ವರ್ಷಗಳ ಯುದ್ಧದ ಸುದ್ದಿಯೆಲ್ಲ ಇದೇ ಗೆರೆಯ ಮೇಲಿದೆ.

ಹಂತ 5: ನಿಜವಾದ ದಾರಿಗೆ ಎಷ್ಟು ಸೇರಿಸಬೇಕು

ಉಕ್ರೇನ್‌ನ ಆಕಾಶ 2022ರ ಫೆಬ್ರವರಿ 24ರಿಂದ ಪ್ರಯಾಣಿಕ ವಿಮಾನಗಳಿಗೆ ಮುಚ್ಚಿದೆ. ಅದೇ ಸಮಯದಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ಸಂಸ್ಥೆಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಬಂದ್ ಮಾಡಿತು. 2019ರಲ್ಲೂ ಕೆಲವು ತಿಂಗಳು ಹೀಗೇ ಆಗಿತ್ತು. ಹಾಗಾಗಿ ಒಂದೇ ಬೆಂಗಳೂರು, ಒಂದೇ ಲಂಡನ್, ಆದರೂ ಭಾರತದ ಸಂಸ್ಥೆಯ ವಿಮಾನಕ್ಕೂ ಬ್ರಿಟನ್ನಿನ ಸಂಸ್ಥೆಯ ವಿಮಾನಕ್ಕೂ ದಾರಿ ಬೇರೆ ಇರಬಹುದು. ನೀವು ಹೋಗುವ ವಾರದಲ್ಲಿ ಯಾವ ದಾರಿ ತೆರೆದಿದೆ ಅನ್ನುವುದು ಹೊರಡುವ ಮೊದಲು ನೋಡಬೇಕಾದ ಸಂಗತಿ.

ಸ್ಯಾನ್ ಫ್ರಾನ್ಸಿಸ್ಕೊ ಗೆರೆಯಲ್ಲಿ ಬಂದ ಟಿಬೆಟ್ ಮೇಲೆ ವಿಮಾನಗಳು ಸಾಮಾನ್ಯವಾಗಿ ಹಾರುವುದಿಲ್ಲ, ಅದಕ್ಕೆ ದೊಡ್ಡ ಕಾರಣ ರಾಜಕೀಯವಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ ಹೋದರೆ ತಲೆ ಮೇಲಿಂದ ಬೀಳುವ ಆಕ್ಸಿಜನ್ ಮಾಸ್ಕ್ ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು ಬರುತ್ತದೆ. ಅಷ್ಟರಲ್ಲಿ ವಿಮಾನ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ 4,500 ಮೀಟರ್ ಮೇಲಿದೆ. ಇಳಿಯುವುದಾದರೂ ಎಲ್ಲಿಗೆ?

ಅಂದಾಜಿಗೆ ಒಂದು ನಿಯಮ ಇಟ್ಟುಕೊಳ್ಳಿ. ದೇಶದ ಒಳಗೆ ಲೆಕ್ಕದ ದೂರಕ್ಕೆ 5ರಿಂದ 10 ಪ್ರತಿಶತ ಸೇರಿಸಿ. ತುಂಬಾ ಹತ್ತಿರದ ಊರಾದರೆ ಇನ್ನೂ ಜಾಸ್ತಿ, ಯಾಕಂದರೆ ಏರಲು ಇಳಿಯಲು ಸುತ್ತುವ ದೂರವೇ ದೊಡ್ಡ ಪಾಲಾಗುತ್ತದೆ. ಲಂಡನ್‌ನಂಥ ದಾರಿಗೆ ಆಕಾಶ ತೆರೆದಿದ್ದರೆ 4–5 ಪ್ರತಿಶತ ಸಾಕು. 8,045 ಅನ್ನುವುದು ಸುಮಾರು 8,400 ಆಗುತ್ತದೆ.

ಹಂತ 6: ಕಿಲೋಮೀಟರನ್ನು ಗಂಟೆಗೆ ಬದಲಾಯಿಸಿ

ಮೊದಲು ಯಾವ ವಿಮಾನ ಅಂತ ನೋಡಿ. ಏರ್‌ಬಸ್ 320, ಬೋಯಿಂಗ್ 737 ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತವೆ. ಉದ್ದ ದಾರಿಯ 777, 787, ಏರ್‌ಬಸ್ 350 ಸುಮಾರು 900. ಸಣ್ಣ ಊರುಗಳಿಗೆ ಹಾರುವ, ರೆಕ್ಕೆಯಲ್ಲಿ ಫ್ಯಾನ್ ಇರುವ ಎಟಿಆರ್ ಸುಮಾರು 500.

ಆಮೇಲೆ ಟಿಕೆಟ್ ಮೇಲಿನ ಸಮಯ ಏನು ಅಂತ ತಿಳಿದಿರಬೇಕು. ಅದು ಹಾರುವ ಸಮಯವಲ್ಲ. ವಿಮಾನ ಗೇಟಿನಿಂದ ಕದಲಿದ ಗಳಿಗೆಯಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವ ತನಕದ ಸಮಯ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮೊದಲು ಸುತ್ತುವುದು ಎಲ್ಲ ಇದರೊಳಗೆ. ಮೇಲೆ ಸಂಸ್ಥೆಗಳು ಸ್ವಲ್ಪ ಹೆಚ್ಚುವರಿ ನಿಮಿಷವನ್ನೂ ಸೇರಿಸಿಡುತ್ತವೆ. ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೆ ತಲುಪಿದ್ದನ್ನು ನೀವೂ ನೋಡಿರುತ್ತೀರಿ. ಪೈಲಟ್ ಓಡಿಸಿಕೊಂಡು ಬಂದದ್ದಕ್ಕಿಂತ ವೇಳಾಪಟ್ಟಿಯ ಉದಾರತೆಯೇ ಅದಕ್ಕೆ ಹೆಚ್ಚು ಕಾರಣ.

ದೇಶದೊಳಗಿನ ಜೆಟ್‌ಗೆ ನಾನು ಬಳಸುವ ಸೂತ್ರ: ಲೆಕ್ಕದ ದೂರವನ್ನು 800ರಿಂದ ಭಾಗಿಸಿ, 35 ನಿಮಿಷ ಸೇರಿಸಿ. ದೆಹಲಿಗೆ 1,700 ಭಾಗ 800 ಅಂದರೆ 2 ಗಂಟೆ 8 ನಿಮಿಷ, 35 ಸೇರಿಸಿದರೆ 2 ಗಂಟೆ 43 ನಿಮಿಷ. ಟಿಕೆಟ್‌ನಲ್ಲಿ ಕಾಣುವುದೂ ಇದರ ಆಸುಪಾಸೇ. ಮಂಗಳೂರಿಗೆ 23 ನಿಮಿಷಕ್ಕೆ 35 ಸೇರಿ 58 ನಿಮಿಷ, ಟಿಕೆಟ್‌ನಲ್ಲಿ ಒಂದು ಗಂಟೆ ಐದು–ಹತ್ತು ನಿಮಿಷ. ನೋಡಿ, ಹಾರುವುದಕ್ಕಿಂತ ಉಳಿದದ್ದಕ್ಕೇ ಜಾಸ್ತಿ ಹೊತ್ತು. ದೆಹಲಿ, ಮುಂಬೈಯಂಥ ಗದ್ದಲದ ನಿಲ್ದಾಣಕ್ಕೆ ಇನ್ನೊಂದು 10 ನಿಮಿಷ ಇಟ್ಟುಕೊಳ್ಳಿ.

ಹಂತ 7: ಗಾಳಿಯನ್ನು ಸೇರಿಸಿ

ವಿಮಾನ 900ರಲ್ಲಿ ಹೋಗುತ್ತದೆ ಅಂದರೆ ಸುತ್ತಲಿನ ಗಾಳಿಗೆ ಹೋಲಿಸಿ 900. ಆ ಗಾಳಿಯೇ 100 ಕಿ.ಮೀ. ವೇಗದಲ್ಲಿ ಎದುರು ಬರುತ್ತಿದ್ದರೆ ನೆಲದ ಲೆಕ್ಕದಲ್ಲಿ 800 ಮಾತ್ರ. ಸೀಟಿನ ಮುಂದಿನ ಪರದೆಯಲ್ಲಿ ಗ್ರೌಂಡ್ ಸ್ಪೀಡ್ ಅಂತ ತೋರಿಸುವುದು ಇದನ್ನೇ.

10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತ, ಇರಾನ್ ಮೇಲೆ ಅದರ ಅಬ್ಬರ ಜಾಸ್ತಿ, ಗಂಟೆಗೆ 150–200 ಕಿ.ಮೀ. ಮುಟ್ಟುವುದು ಅಪರೂಪವಲ್ಲ. ನಮ್ಮ ದಕ್ಷಿಣದಲ್ಲಿ ಅದು ಅಷ್ಟು ಕಾಣುವುದಿಲ್ಲ. ಮುಂಗಾರಿನ ತಿಂಗಳಲ್ಲಂತೂ ನಮ್ಮ ತಲೆ ಮೇಲಿನ ಎತ್ತರದ ಗಾಳಿ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣ ದಾರಿಯಾದ್ದರಿಂದ ಗಾಳಿ ಪಕ್ಕದಿಂದ ಹೊಡೆಯುತ್ತದೆ. ಹೋಗಲೂ ಬರಲೂ ಹೆಚ್ಚು ವ್ಯತ್ಯಾಸವಿಲ್ಲ.

ಲಂಡನ್ ದಾರಿಗೆ ಇಡೀ ಪ್ರಯಾಣದ ಸರಾಸರಿಯಾಗಿ 60 ಕಿ.ಮೀ. ಗಾಳಿ ಅಂದುಕೊಳ್ಳಿ. ಹೋಗುವಾಗ 8,400ನ್ನು 840ರಿಂದ ಭಾಗಿಸಿದರೆ 10 ಗಂಟೆ. ನೆಲದ ಮೇಲಿನ 40 ನಿಮಿಷ ಸೇರಿಸಿ 10 ಗಂಟೆ 40 ನಿಮಿಷ. ಬರುವಾಗ 960ರಿಂದ ಭಾಗಿಸಿದರೆ 8 ಗಂಟೆ 45 ನಿಮಿಷ, ಒಟ್ಟು 9 ಗಂಟೆ 25 ನಿಮಿಷ. ಒಂದೂಕಾಲು ಗಂಟೆ ವ್ಯತ್ಯಾಸ. ಬರುವಾಗ ಬೇಗ ಬಂದೆವು ಅನ್ನುವವರ ಮಾತು ಬರೀ ಮನೆಯ ಸೆಳೆತವಲ್ಲ.

ಗಾಳಿಗಾಗಿ ಉದ್ದ ದಾರಿ ಹಿಡಿಯುವುದೂ ಉಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಶುರು ಮಾಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಮಹಿಳೆಯರೇ ಇದ್ದ ಕಾಕ್‌ಪಿಟ್ ತಂಡ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಿತು. ಬೆಂಗಳೂರಿನಿಂದ ಹೊರಡುವಾಗ ಪೆಸಿಫಿಕ್ ಸಾಗರದ ಮೇಲೆ ಹೋದರೆ ದೂರ ಜಾಸ್ತಿಯಾದರೂ ಹಿಂದಿನಿಂದ ಗಾಳಿ ತಳ್ಳುತ್ತದೆ, ಹೊತ್ತು ಉಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ಬೇಡ ಅನ್ನುವವರಿಗೆ ಒಳದಾರಿ ಇದೆ. ಫ್ಲೈಟ್‌ರೇಡಾರ್24ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ. ಹಿಂದಿನ ದಿನಗಳಲ್ಲಿ ಅದು ನಿಜವಾಗಿ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಇಳಿಯಿತು, ಯಾವ ದಾರಿಯಲ್ಲಿ ಹೋಯಿತು ಎಲ್ಲ ಕಾಣುತ್ತದೆ. ಅಲ್ಲಿ ಫ್ಲೈಟ್ ಟೈಮ್ ಅಂತ ಇರುವುದು ಚಕ್ರ ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ. ಟಿಕೆಟ್‌ಗಿಂತ ಅರ್ಧ ಗಂಟೆಯಷ್ಟು ಕಡಿಮೆ ಇದ್ದರೆ ಗಾಬರಿ ಬೇಡ. ನನ್ನನ್ನು ಕೇಳಿದರೆ ಯಾವ ಸೂತ್ರಕ್ಕಿಂತಲೂ ಇದನ್ನೇ ಹೆಚ್ಚು ನಂಬಿ.

ಹಂತ 8: ಗಡಿಯಾರದ ಗೊಂದಲ

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ಭಾರತದ ಸಮಯಕ್ಕೆ ತಂದು ಆಮೇಲೆ ಕಳೆಯಿರಿ.

ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲುಪುತ್ತದೆ ಅಂತಿದ್ದರೆ ಜನವರಿಯಲ್ಲಿ ಅದು ಹತ್ತೂವರೆ ಗಂಟೆ, ಜುಲೈಯಲ್ಲಿ ಒಂಬತ್ತೂವರೆ. ಅಮೆರಿಕ ಗಡಿಯಾರ ತಿರುಗಿಸುವುದು ಬೇರೆ ದಿನ: ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ನಡುವಿನ ವಾರಗಳಲ್ಲಿ ಲಂಡನ್‌ನಲ್ಲಿ ಇಳಿದು ಅಮೆರಿಕಕ್ಕೆ ಹೋಗುವವರು ಎರಡು ಸಲ ನೋಡಿಕೊಳ್ಳಿ.

ಸ್ಯಾನ್ ಫ್ರಾನ್ಸಿಸ್ಕೊ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ಐದೂವರೆ! ಬರುವಾಗ ಎರಡು ದಿನ ಮುಂದಿನ ತಾರೀಕು ಬೀಳಬಹುದು. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣದಾಗಿ +1, +2 ಅಂತ ಬರೆದಿರುವುದು ಇದಕ್ಕೇ.

ಎಲ್ಲಕ್ಕಿಂತ ದುಬಾರಿ ಗೊಂದಲ ಮಧ್ಯರಾತ್ರಿಯ ವಿಮಾನದ್ದು. 15ನೇ ತಾರೀಕು 00:45 ಅಂತಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದ್ದು 14ರ ರಾತ್ರಿ. 15ರ ರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಬಂದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ. ಬೆಂಗಳೂರಿನಿಂದ ವಿದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ಈ ಹೊತ್ತಿನವೇ, ಹಾಗಾಗಿ ಅಪ್ಪ ಅಮ್ಮನಿಗೆ ಟಿಕೆಟ್ ಮಾಡಿ ಕಳಿಸುವಾಗ "14ರ ರಾತ್ರಿ ಊಟ ಮಾಡಿ ಹೊರಡಿ" ಅಂತಲೇ ಹೇಳಿ.

ಹಂತ 9: ನಡುವೆ ಇಳಿದು ಹತ್ತುವ ಪ್ರಯಾಣ

ದುಬೈ ಮೇಲೆ ಹೋದರೆ ತುಂಬಾ ಸುತ್ತು ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಬೆಂಗಳೂರು–ದುಬೈ ಸುಮಾರು 2,695, ದುಬೈ–ಹೀಥ್ರೂ ಸುಮಾರು 5,500. ಒಟ್ಟು 8,195. ನೇರ ದೂರಕ್ಕಿಂತ ಬರೀ 150 ಕಿ.ಮೀ. ಜಾಸ್ತಿ. ಹೊತ್ತು ಹೋಗುವುದು ಆಕಾಶದಲ್ಲಲ್ಲ, ಕಾಯುವ ಕುರ್ಚಿಯಲ್ಲಿ. ಜೊತೆಗೆ ಏರುವುದು ಇಳಿಯುವುದು ಎರಡೆರಡು ಸಲ.

ಹಾಗಾಗಿ ಇಂಥ ಟಿಕೆಟ್‌ಗಳನ್ನು ಹೋಲಿಸುವಾಗ ದೂರ ಬಿಡಿ, ನಡುವಿನ ಕಾಯುವಿಕೆ ನೋಡಿ. ಒಂದೇ ಬುಕಿಂಗ್‌ನಲ್ಲಿ ಎರಡೂ ವಿಮಾನ ಇದ್ದರೆ ಎರಡರಿಂದ ಮೂರು ಗಂಟೆ ಹಿತ. ಬೇರೆ ಬೇರೆ ಬುಕಿಂಗ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಅಲ್ಲಿ ನಾಲ್ಕೈದು ಗಂಟೆ ಬಿಡಿ.

ಹಂತ 10: ಮನೆ ಬಾಗಿಲಿನಿಂದ ಬಾಗಿಲಿಗೆ

ಮಂಗಳೂರಿಗೆ ಮತ್ತೆ ಬರೋಣ. ಜಯನಗರದಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಟ್ರಾಫಿಕ್ ಇದ್ದರೆ ಎರಡು. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮುಂಚೆ ಬನ್ನಿ ಅನ್ನುತ್ತಾರೆ. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಹಾರಾಟ ಒಂದು ಗಂಟೆ ಹತ್ತು ನಿಮಿಷ. ಲಗೇಜು ತೆಗೆದುಕೊಂಡು ಬಜ್ಪೆ ಗುಡ್ಡ ಇಳಿದು ಊರು ಸೇರಲು ಇನ್ನೊಂದು ಗಂಟೆ. ಕೂಡಿಸಿದರೆ ಆರು ಗಂಟೆ ಹತ್ತಿರ. ರಾತ್ರಿ ಬಸ್ಸು ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಮಲಗಿಕೊಂಡು ಹೋಗಬಹುದು. ಯಲಹಂಕದವರಿಗೆ ವಿಮಾನ ಲಾಭ. ಎಲೆಕ್ಟ್ರಾನಿಕ್ ಸಿಟಿಯವರಿಗೆ, ಶಿರಾಡಿ ಘಾಟ್ ಮಳೆಗೆ ಕುಸಿದು ಬಂದ್ ಆಗದಿದ್ದರೆ, ಬಸ್ಸೇ ವಾಸಿ ಅಂತ ನನ್ನ ಅಭಿಪ್ರಾಯ. ದೆಹಲಿಗಾದರೆ ಈ ಚರ್ಚೆಯೇ ಬೇಡ.

ಈ ಲೆಕ್ಕದಲ್ಲಿ ದುಡ್ಡೂ ಇದೆ

ಸಂಸ್ಥೆ ಮುಂಚೆ ತಿಳಿಸದೆ ವಿಮಾನ ರದ್ದು ಮಾಡಿದರೆ ಭಾರತದಲ್ಲಿ ಪರಿಹಾರ ಸಿಗುವುದು ಬ್ಲಾಕ್ ಟೈಮ್ ನೋಡಿ. ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮದಂತೆ ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಅದಕ್ಕೂ ಜಾಸ್ತಿಯಾದರೆ 10,000. ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಮಳೆ, ಮಂಜಿನಂಥ ಕಾರಣಕ್ಕೆ ಇದು ಇಲ್ಲ. ಮಂಗಳೂರಿನ ವಿಮಾನ ಮುಕ್ಕಾಲು ಗಂಟೆ ಹಾರಿದರೂ ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಅಂತಿದ್ದರೆ ನೀವು ಎರಡನೇ ಸಾಲಿನವರು.

ಬ್ರಿಟನ್ ಮತ್ತು ಯುರೋಪಿನಲ್ಲಿ ಗಂಟೆಯಲ್ಲ, ಕಿಲೋಮೀಟರ್ ಲೆಕ್ಕ. ಅದೂ ಮೂರನೇ ಹಂತದ ಗೋಳದ ದೂರವೇ. 1,500 ಮತ್ತು 3,500 ಕಿ.ಮೀ. ಅಲ್ಲಿನ ಗಡಿಗಳು. ಲಂಡನ್‌ನಿಂದ ಬೆಂಗಳೂರಿಗೆ ಹೊರಟ ವಿಮಾನ ಯಾವ ಸಂಸ್ಥೆಯದಾದರೂ, ಆ ಸಂಸ್ಥೆಯದೇ ತಪ್ಪಿನಿಂದ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ 520 ಪೌಂಡ್ ಕೇಳಬಹುದು. ಬೆಂಗಳೂರಿನಿಂದ ಹೊರಡುವಾಗ ಬ್ರಿಟನ್ ಅಥವಾ ಯುರೋಪಿನ ಸಂಸ್ಥೆಯ ವಿಮಾನವಾದರೆ ಮಾತ್ರ ಈ ಹಕ್ಕು. ಬೋರ್ಡಿಂಗ್ ಪಾಸ್ ಎಸೆಯಬೇಡಿ, ಅರ್ಜಿ ಹಾಕುವಾಗ ಬೇಕಾಗುತ್ತದೆ.